ಹೊಣೆ ಹೊತ್ತವನಿಗೆ ಜರ್ಮನ್‌ನಲ್ಲಿ ಏನನ್ನುತ್ತಾರೆ

ವರದಿ ಬಂದಾಗ ಅದರಲ್ಲಿ ಕಷ್ಟದ್ದೇನೂ ಕಾಣಲಿಲ್ಲ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳ ಮುಂಗೈ ಮೇಲೆ ಕುದಿಯುವ ಬಣ್ಣದ ನೀರು ಸಿಡಿದಿತ್ತು. ಬಟ್ಟೆ ಕೊಳ್ಳುವವರು ಜರ್ಮನಿಯ ಕಂಪನಿಯವರು. ತಮಗೆ ಮಾಲು ಕಳಿಸುವ ಯಾವ ಕಾರ್ಖಾನೆಯಲ್ಲಿ ಯಾರಿಗೆ ಗಾಯವಾದರೂ ಅದರ ವಿವರ ತಮ್ಮ ಭಾಷೆಯಲ್ಲಿ ಬೇಕೆಂಬುದು ಅವರ ನಿಯಮ. ಕಾರ್ಖಾನೆಯ ಸೇಫ್ಟಿ ಆಫೀಸರ್ ಇಂಗ್ಲಿಷಿನಲ್ಲಿ ಬರೆದ ವರದಿ ಬೆಂಗಳೂರಿನ ಒಂದು ಅನುವಾದ ಸಂಸ್ಥೆಯ ಮೂಲಕ ದೇವನಹಳ್ಳಿಯ ನನ್ನ ಬಾಡಿಗೆ ಮನೆಗೆ ಬಂತು. ಊಟದ ಹೊತ್ತಿಗೆ ಮುಗಿಸಿಬಿಡಬಹುದು ಅಂದುಕೊಂಡೆ.

ನಾನು ಒಂದು ಕಡೆ ಕೂರುವ ಜಾತಿಯವನಲ್ಲ. ಒಂದು ವಾಕ್ಯ ಮುಗಿಸಿದರೆ ಎದ್ದು ಹೊರಗೆ ಹೋಗುತ್ತೇನೆ, ಬಂದು ಅದನ್ನೇ ಮತ್ತೆ ಓದುತ್ತೇನೆ. ಯೂನಿವರ್ಸಿಟಿಯಲ್ಲಿ ಜರ್ಮನ್ ಓದುವಾಗ ನಮಗೆ ಮುಖ್ಯವಾಗಿ ಕಲಿಸಿದ್ದು ಅನುಮಾನಪಡುವುದನ್ನು. ವರ್ಷ ಕಳೆದಂತೆ ಆ ಅನುಮಾನ ಪುಸ್ತಕಗಳನ್ನು ಬಿಟ್ಟು ನನ್ನ ಮೇಲೇ ತಿರುಗಿಕೊಂಡಿದೆ. ಬಾಗಿಲಿಗೆ ಬೀಗ ಹಾಕಿದ್ದು ನನಗೆ ನೆನಪಿರುತ್ತದೆ. ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಹೇಳಲಾರೆ. ವಾಪಸು ಹೋಗಿ ಬೀಗ ಎಳೆದು ನೋಡುತ್ತೇನೆ. ಹಾಗಾಗಿ ಈ ಬರಹದಲ್ಲೂ ಒಂದೆರಡು ಕಡೆ ತಡವರಿಸುತ್ತೇನೆ.

ನಾವು ಬಳಸುವ ತಂತ್ರಾಂಶ ವರದಿಯನ್ನು ವಾಕ್ಯವಾಕ್ಯವಾಗಿ ತುಂಡು ಮಾಡುತ್ತದೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಜಾಗ. ಅದೇ ವಾಕ್ಯವನ್ನು ಹಿಂದೆ ನಮ್ಮಲ್ಲಿ ಯಾರಾದರೂ ಅನುವಾದಿಸಿದ್ದರೆ ಅದನ್ನು ಹುಡುಕಿ ತಂದು ಖಾಲಿ ಜಾಗದಲ್ಲಿ ತಾನೇ ತುಂಬುತ್ತದೆ. ಈ ಸಂಗ್ರಹಕ್ಕೆ ಮೆಮೊರಿ ಎಂದು ಹೆಸರು. ಹೊಸದಾಗಿ ಯೋಚಿಸುವುದಕ್ಕೆ ಯಾರೂ ನಮಗೆ ಪ್ರೋತ್ಸಾಹ ಕೊಡುವುದಿಲ್ಲ. ಹಿಂದೆ ಹೇಳಿದ್ದನ್ನೇ ಹೇಳಿ, ಒಂದೇ ಥರ ಇರಲಿ ಎಂಬುದು ಸಂಸ್ಥೆಯ ಪದ್ಧತಿ.

ವರದಿಯ ಉದ್ದಕ್ಕೂ ರೆಸ್ಪಾನ್ಸಿಬಲ್ ಎಂಬ ಒಂದೇ ವಿಶೇಷಣ ಮತ್ತೆ ಮತ್ತೆ ಬಂದಿತ್ತು. ನಮ್ಮ ಕಡೆಯ ಆಫೀಸ್ ಇಂಗ್ಲಿಷಿನಲ್ಲಿ ಅದು ಉಪ್ಪಿನ ಹಾಗೆ, ಎಲ್ಲದರಲ್ಲೂ ಬೀಳುತ್ತದೆ. ಜರ್ಮನರು ಹಾಗಲ್ಲ, ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ ಇಟ್ಟಿದ್ದಾರೆ. ಬಾಯ್ಲರ್ ನೋಡಿಕೊಳ್ಳುವ ರೆಸ್ಪಾನ್ಸಿಬಲ್ ಆಪರೇಟರ್ ಎಂದಲ್ಲಿ ಆ ಕೆಲಸಕ್ಕೆ ನೇಮಕವಾದವನು ಎಂದರ್ಥ. ಅದಕ್ಕೆ ತ್ಸೂಷ್ಟೆಂಡಿಗ್ ಹಾಕಿದೆ. ಬಣ್ಣದ ವಿಭಾಗದ ಮೇಸ್ತ್ರಿ ಬಹಳ ಕಾಲದಿಂದ ಇರುವ ರೆಸ್ಪಾನ್ಸಿಬಲ್ ಮನುಷ್ಯ ಎಂದಲ್ಲಿ, ನೆಚ್ಚಬಹುದಾದವರು ಎಂದು ಬೇರೆ ಪದ. ಹಬೆಯ ಹೆಚ್ಚು ಒತ್ತಡ ನೀರು ಸಿಡಿಯಲು ರೆಸ್ಪಾನ್ಸಿಬಲ್ ಎಂದಲ್ಲಿ ವಿಶೇಷಣವನ್ನೇ ಕಿತ್ತು ಹಾಕಿ, ಕಾರಣ ಎಂಬ ನಾಮಪದ ಇಟ್ಟೆ. ಇಷ್ಟೂ ಕೈಗೆ ರೂಢಿಯಾದ ಕೆಲಸ. ಆಮೇಲೆ ಈ ವಾಕ್ಯ ಬಂತು: ತಾನು ರೆಸ್ಪಾನ್ಸಿಬಲ್ ಎಂದು ಮೇಸ್ತ್ರಿ ಹೇಳಿಕೆ ಕೊಟ್ಟಿದ್ದಾರೆ.

ಆ ಜಾಗ ಖಾಲಿ ಇರಲಿಲ್ಲ. ಮೆಮೊರಿ ಅದನ್ನು ಆಗಲೇ ತುಂಬಿತ್ತು. ಅಲ್ಲಿದ್ದ ಪದ ಶುಲ್ಡ್. ಎಂದರೆ ತಪ್ಪಿತಸ್ಥ. ಯಾವಾಗಲೋ ಯಾವುದೋ ವರದಿಯಲ್ಲಿ ಇದೇ ವಾಕ್ಯ ಬಂದಿತ್ತು, ಯಾರೋ ಹೀಗೆ ಅನುವಾದಿಸಿದ್ದರು. ಯಾರೆಂದು ನೋಡಿದೆ. ನನ್ನದೇ ಇನಿಷಿಯಲ್ ಇತ್ತು.

ಆ ಕೆಲಸ ಮಾಡಿದ ನೆನಪು ನನಗೆ ಎಳ್ಳಷ್ಟೂ ಇಲ್ಲ. ಯಾವ ಕಾರ್ಖಾನೆ, ಯಾರ ಹೇಳಿಕೆ, ಸುತ್ತಮುತ್ತ ಏನಿತ್ತು, ಒಂದೂ ಇಲ್ಲ. ಅಲ್ಲಿ ಅದು ಸರಿಯಾಗಿಯೇ ಇದ್ದಿರಬಹುದು. ಯಂತ್ರಕ್ಕೆ ನೆನಪಿದ್ದುದು ನನಗಿರಲಿಲ್ಲ, ಅಷ್ಟೆ. ಅದನ್ನು ಅಳಿಸಿ ಫೆರಾಂಟ್‌ವೋರ್ಟ್‌ಲಿಖ್ ಎಂದು ಹಾಕಿದೆ. ಇಂಗ್ಲಿಷ್ ಪದದ ಹಾಗೆಯೇ ಅದೂ ಎರಡು ಕಡೆ ಕಾಲಿಟ್ಟು ನಿಂತ ಪದ. ಹೊಣೆ ಇರುವವನಿಗೂ ಸಲ್ಲುತ್ತದೆ, ತಪ್ಪು ಮಾಡಿದವನಿಗೂ ಸಲ್ಲುತ್ತದೆ. ಅನುವಾದಕ ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದು. ಬಚ್ಚಿಟ್ಟುಕೊಂಡು, ಕಡತ ಕಳಿಸಿ ಊಟ ಮಾಡಿದೆ.

ಮಾರನೆಯ ದಿನ ಪ್ರಶ್ನೆ ಬಂತು. ಜರ್ಮನಿಯಲ್ಲಿ ಕುಳಿತು ನಮ್ಮ ಕೆಲಸ ತಿದ್ದುವ ಮಹಿಳೆಯೊಬ್ಬರಿದ್ದಾರೆ. ಅವರು ಸುಮ್ಮನೆ ತಪ್ಪು ಹುಡುಕುವವರಲ್ಲ. ಅವರು ಬರೆದಿದ್ದು ಇಷ್ಟು: ಈ ವಾಕ್ಯ ಸ್ಪಷ್ಟವಾಗಿಲ್ಲ. ಕಂಪನಿಯವರ ನಮೂನೆಯಲ್ಲಿ ಎರಡು ಚೌಕಗಳಿವೆ. ಅವಘಡಕ್ಕೆ ಕಾರಣ ವ್ಯಕ್ತಿಯೋ, ಕೆಲಸದ ವ್ಯವಸ್ಥೆಯೋ? ವ್ಯಕ್ತಿ ಎಂದಾದರೆ ಆ ವ್ಯಕ್ತಿಯ ಮೇಲೆ ಕಾರ್ಖಾನೆ ಏನು ಕ್ರಮ ಕೈಗೊಂಡಿತೆಂದು ಕಂಪನಿ ಕೇಳುತ್ತದೆ. ವ್ಯವಸ್ಥೆ ಎಂದಾದರೆ ವ್ಯವಸ್ಥೆ ಸರಿಪಡಿಸಲು ಹೇಳುತ್ತದೆ. ಮೇಸ್ತ್ರಿ ತಪ್ಪು ಒಪ್ಪಿಕೊಂಡರೇ, ಅಥವಾ ಆ ವಿಭಾಗ ತಮ್ಮ ಕೈಕೆಳಗಿದೆ ಎಂದಷ್ಟೇ ಹೇಳಿದರೇ? ದಯವಿಟ್ಟು ತೀರ್ಮಾನಿಸಿ.

ತೀರ್ಮಾನಿಸಿ ಎಂದರೆ ಒಬ್ಬ ಮನುಷ್ಯನ ಕೆಲಸ ಉಳಿಯಬೇಕೋ ಹೋಗಬೇಕೋ ಎಂದು ಆ ಮನುಷ್ಯನನ್ನೇ ಕಂಡಿರದ ನಾನು ತೀರ್ಮಾನಿಸಬೇಕು. ಬೆಂಗಳೂರಿನ ಸಂಸ್ಥೆಯಲ್ಲಿ ನಮ್ಮ ಕೆಲಸ ಹಂಚುವ ಹುಡುಗಿಗೆ ಫೋನ್ ಮಾಡಿದೆ.

"ಸರ್, ಮೆಮೊರಿಯಲ್ಲಿ ಮ್ಯಾಚ್ ಇತ್ತಲ್ಲ. ಅದನ್ನೇ ಹಾಕ್ಬಿಡಿ. ನಿಮ್ದೇ ಇದೆ ಅದು."

"ಅದನ್ನ ಯಾಕೆ ಹಾಗೆ ಮಾಡಿದ್ದೆ ಅಂತ ನಂಗೆ ಗೊತ್ತಿಲ್ಲಮ್ಮ."

"ಪರ್ವಾಗಿಲ್ಲ ಸರ್, ಸಿಸ್ಟಮ್‌ಗೆ ಗೊತ್ತು."

ಬರೆದವರನ್ನು ನಾನೇ ಕೇಳಬಹುದೇ ಎಂದೆ. ಅನುವಾದಕರು ನೇರವಾಗಿ ಗಿರಾಕಿಯನ್ನು ಮಾತಾಡಿಸಬಾರದು, ನಿಯಮ ಇದೆ ಎಂದಳು. ಆಮೇಲೆ, "ಸೇಫ್ಟಿ ಆಫೀಸರ್ ನಂಬರ್ ವರದಿ ಕೊನೇಲೇ ಇದೆಯಲ್ವಾ ಸರ್, ನಾನಂತೂ ಕೊಟ್ಟಿಲ್ಲ" ಎಂದು ಸೇರಿಸಿದಳು.

ಸೇಫ್ಟಿ ಆಫೀಸರ್ ನನಗಿಂತ ಚಿಕ್ಕವನು. ಎರಡನೇ ಮಾತಿಗೇ ಗುರು ಎಂದು ಶುರು ಮಾಡಿದ.

"ಅವ್ರೇ ಹೇಳಿದ್ದು ಗುರು. ನಾನ್ ಕೇಳ್ದೆ, ಇದಕ್ಕೆಲ್ಲ ಯಾರು ಅಂತ. ನಾನೇ ಅಂದ್ರು. ಬರ್ಕೊಂಡೆ."

"ಕನ್ನಡದಲ್ಲಿ ಸರಿಯಾಗಿ ಏನಂದ್ರು?"

"ಏನೋ ಅಂದ್ರಪ್ಪ. ಜವಾಬ್ದಾರಿ ನಂದು ಅಂತಾನೋ, ತಪ್ಪು ನಂದು ಅಂತಾನೋ. ಆ ಕಡೆ ಹುಡುಗಿನ ಆಸ್ಪತ್ರೆಗೆ ಸಾಗಿಸ್ತಿದ್ರು, ಯಾರಿಗೆ ನೆನಪಿರುತ್ತೆ? ಎರಡೂ ಒಂದೇ ತಾನೆ?"

"ಒಂದೇ ಅಲ್ಲ."

"ಹಂಗಾದ್ರೆ ಅವ್ರನ್ನೇ ಕೇಳಿ. ಮನೇಲೇ ಅವ್ರೆ. ಜರ್ಮನಿಯಿಂದ ಉತ್ತರ ಬರೋವರೆಗೂ ಬರ್ಬೇಡಿ ಅಂದಿದೀವಿ."

ವಿಳಾಸ ಅವನೇ ಹೇಳಿದ. ಅನುವಾದಕ ತನ್ನ ಮುಂದಿರುವ ವಾಕ್ಯವನ್ನು ಬಿಟ್ಟು ಆಚೆ ಹೋಗಬಾರದು. ಇದನ್ನು ನಾನೇ ಹೊಸಬರಿಗೆ ಎಷ್ಟೋ ಸಲ ಹೇಳಿದ್ದೇನೆ. ವಾಕ್ಯದಲ್ಲಿ ಇಲ್ಲದ್ದು ಅನುವಾದದಲ್ಲೂ ಇರಬಾರದು. ಬೆಳಿಗ್ಗೆಯೆಲ್ಲ ಮನೆಯೊಳಗೇ ಓಡಾಡಿದೆ. ಆಮೇಲೆ ಸ್ಕೂಟರ್ ತೆಗೆದು ದೊಡ್ಡಬಳ್ಳಾಪುರದ ದಾರಿ ಹಿಡಿದೆ. ಬೀಗ ಎಳೆದು ನೋಡಲು ವಾಪಸು ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಮೇಸ್ತ್ರಿಯ ಮನೆ ಮಗ್ಗದವರ ಬೀದಿಯಲ್ಲಿತ್ತು. ಎರಡೂ ಕಡೆಯ ಮನೆಗಳೊಳಗಿಂದ ಪವರ್‌ಲೂಮ್‌ಗಳ ಸದ್ದು. ಮನೆಯ ಬಾಗಿಲು ನೀಲಿ ಎಂದು ಬರೆಯಲು ಹೊರಟಿದ್ದೆ. ಹಸಿರೂ ಇದ್ದಿರಬಹುದು. ಅವರ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಮಗ್ಗ ಮಾರಿ ಕಾರ್ಖಾನೆಗೆ ಸೇರಿ ಬಹಳ ಕಾಲವಾಯಿತಂತೆ. ಐವತ್ತು ದಾಟಿದ, ಗಟ್ಟಿಮುಟ್ಟಾದ ಮನುಷ್ಯ. ಉಗುರಿನ ಸಂದಿಯಲ್ಲಿ ಇನ್ನೂ ಕಡುನೀಲಿ ಬಣ್ಣ ಉಳಿದಿತ್ತು. ನಾನು ಯಾರೆಂದು ಹೇಳಿದ್ದಕ್ಕೆ ಕುರ್ಚಿ ಎಳೆದು ಕೊಟ್ಟರು.

"ಜರ್ಮನಿಯವ್ರು ಏನಂತವ್ರೆ ಸಾರ್?"

ಅವರು ಇನ್ನೂ ಏನೂ ಹೇಳಿಲ್ಲ, ನೀವು ಹೇಳಿದ್ದು ಏನೆಂದು ಕೇಳುತ್ತಿದ್ದಾರೆ ಎಂದೆ.

ಒಳಗಿಂದ ಅವರ ಹೆಂಡತಿ ಬಂದರು. ಕೈಯಲ್ಲಿ ಸೊಪ್ಪು ಸೋಸುವ ಮೊರ. "ನೀವೇನಾ ಬರ್ಯೋರು? ಬರೀರಿ ಬರೀರಿ. ಊರಿಗೆಲ್ಲಾ ಇವ್ರೇ ಜವಾಬ್ದಾರಿ. ಈ ಮನೆ ಗ್ಯಾಸ್ ಬುಕ್ ಮಾಡಕ್ಕೆ ಮಾತ್ರ ನಾನು."

"ಲೇ, ಕಾಫಿ ಇಡೇ."

"ಇಡ್ತೀನಿ. ಕುಡಿದ್ಮೇಲೆ ಲೋಟ ತೊಳೆಯೋ ಜವಾಬ್ದಾರಿ ಯಾರ್ದು ಅಂತ ಅದನ್ನೂ ಬರ್ಕೊಳ್ಳಿ ಸಾರ್."

ಮೇಸ್ತ್ರಿ ನಕ್ಕರು. ಅವರು ಆ ದಿನ ನಕ್ಕಿದ್ದು ಅದೊಂದೇ ಸಲ ಎಂದು ನನಗೆ ನೆನಪು.

ನಡೆದದ್ದನ್ನು ಅವರು ಮೊದಲಿಂದ ಹೇಳಿದರು. ಬಟ್ಟೆಗೆ ಬಣ್ಣ ಹಾಕುವ ಯಂತ್ರದ ಕೆಳಗೆ ಉದ್ದನೆಯ ತೊಟ್ಟಿ ಇರುತ್ತದೆ. ಒಂದು ಲಾಟ್ ಮುಗಿದ ಮೇಲೆ ಹಳೆಯ ಬಣ್ಣದ ನೀರು ಬಸಿದು ತೊಟ್ಟಿ ತೊಳೆಯಬೇಕು. ಆ ಹುಡುಗಿ ತೊಳೆಯುತ್ತಿದ್ದಳು. ತಳದಲ್ಲಿ ನೀರು ಇನ್ನೂ ಉಳಿದಿತ್ತು. ತೊಟ್ಟಿ ಖಾಲಿಯಾಗಿದೆ ಎಂದುಕೊಂಡು ಆಚೆ ಬದಿಯ ಆಪರೇಟರ್ ಹಬೆಯ ವಾಲ್ವ್ ತಿರುಗಿಸಿದ. ಹಬೆ ನುಗ್ಗಿ, ಉಳಿದಿದ್ದ ನೀರು ಕುದಿದು ಅವಳ ಮುಂಗೈ ಮೇಲೆ ಸಿಡಿಯಿತು. ಮೇಸ್ತ್ರಿ ಆಗ ಅಲ್ಲಿರಲೇ ಇಲ್ಲ. ಕಿಟಕಿಯ ಬೆಳಕಿನಲ್ಲಿ ತುಂಡು ಬಟ್ಟೆ ಹಿಡಿದು, ಬಂದ ಬಣ್ಣ ಗಿರಾಕಿ ಕೊಟ್ಟ ಮಾದರಿಗೆ ಹೊಂದುತ್ತದೆಯೋ ಇಲ್ಲವೋ ನೋಡುತ್ತಿದ್ದರು. ಚೀರಿದ್ದು ಕೇಳಿ ಓಡಿದರು. ತಾವೇ ನೀರು ಸುರಿದು, ಹೊತ್ತುಕೊಂಡು ಗೇಟಿನವರೆಗೆ ಹೋದರು.

"ಹಾಗಾದ್ರೆ ತಪ್ಪು ನಿಮ್ಮದಲ್ವಲ್ಲ?"

"ತಪ್ಪು ನಂದಲ್ಲ ಸಾರ್. ಆ ವಾಲ್ವ್ ಮುಟ್ಟೋನೂ ನಾನಲ್ಲ."

"ಮತ್ತೆ ನಾನೇ ಅಂತ ಯಾಕಂದ್ರಿ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹುಡುಗಿ ನನ್ ಜವಾಬ್ದಾರಿ ಅಲ್ವಾ?" ಎಂದರು.

ಆಗ ಗೊತ್ತಾಯಿತು. ಮಾಕಳಿದುರ್ಗದ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕಾರ್ಖಾನೆಗೆ ಕರೆತರುವವರು ಇವರು. ಬೆಳಿಗ್ಗೆ ವ್ಯಾನ್ ಹೋಗುವಾಗ ಇವರೂ ಅದರಲ್ಲಿ ಹೋಗುತ್ತಾರೆ, ಸಂಜೆ ಒಬ್ಬೊಬ್ಬರನ್ನೂ ಅವರವರ ಊರಲ್ಲಿ ಇಳಿಸಿ ವಾಪಸಾಗುತ್ತಾರೆ. ಅದು ಅವರ ಕೆಲಸದ ಭಾಗವಲ್ಲ. ಕಾರ್ಖಾನೆ ಹೇಳಿದ್ದೂ ಅಲ್ಲ. ಯಾವ ಅಪ್ಪನೂ ಮಗಳನ್ನು ಕಾರ್ಖಾನೆಯನ್ನು ನೋಡಿ ಕಳಿಸುವುದಿಲ್ಲ. ಇವರು ಅವರ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ನನ್ನ ಜವಾಬ್ದಾರಿ ಮೇಲೆ ಕಳಿಸಿ ಎಂದು ಹೇಳಿ ಬರಬೇಕು. ಹಾಗೆ ಹೇಳಿದ ಮೇಲೆ ಆ ಹುಡುಗಿಗೆ ಜ್ವರ ಬಂದರೂ, ವ್ಯಾನ್ ಕೆಟ್ಟು ನಿಂತರೂ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಚುಡಾಯಿಸಿದರೂ ಮನೆಯವರು ಕೇಳುವುದು ಇವರನ್ನೇ. ಯಾರು ಮಾಡಿದರು ಎಂಬುದು ಅಲ್ಲಿ ಆಮೇಲಿನ ಮಾತು. ಮೊದಲು ನಾನು ಎನ್ನಬೇಕು.

ಅವಘಡದ ದಿನ ಆಫೀಸರ್, ಇದಕ್ಕೆಲ್ಲ ಯಾರು ಎಂದು ಕೇಳಿದಾಗ ಈ ಮನುಷ್ಯ ಎಂದಿನ ಅಭ್ಯಾಸದಿಂದ ನಾನೇ ಎಂದಿದ್ದರು.

ನನಗೆ ಹಗುರವಾಯಿತು. ಇಷ್ಟೇ ತಾನೆ ಎಂದುಕೊಂಡೆ. "ಹಂಗಾದ್ರೆ ಒಂದು ಕೆಲಸ ಮಾಡೋಣ. ನಿಮ್ಮ ಹೇಳಿಕೆ ಇನ್ನೊಂದ್ಸಲ ಕೊಡಿ. ವಾಲ್ವಿಗೂ ನಂಗೂ ಸಂಬಂಧ ಇಲ್ಲ, ಘಟನೆಗೆ ನಾನು ಜವಾಬ್ದಾರ ಅಲ್ಲ ಅಂತ. ಆಫೀಸರ್ ಬರ್ಕೊಳ್ತಾರೆ."

"ಬೇಡ ಸಾರ್."

"ಯಾಕೆ?"

"ನಾನಲ್ಲ ಅಂತ ಒಂದ್ಸಲ ಕಾಗದದ ಮೇಲೆ ಬಂದ್ರೆ ಮುಗೀತು. ಆ ಹುಡುಗಿ ಅಪ್ಪನ್ ಮುಂದೆ ಹೆಂಗ್ ನಿಂತ್ಕೊಳ್ಳಿ? ಮಗಳು ಸುಟ್ಕೊಂಡಾಗ ಕೈ ಜಾಡಿಸ್ಬಿಟ್ಟ ಅಂತಾರೆ. ಮಿಕ್ಕಿದ ಹುಡುಗೀರ್ನೂ ಕಳಿಸಲ್ಲ ಆಮೇಲೆ."

"ನಿಮ್ಮ ಕೆಲಸ ಹೋಗುತ್ತೆ."

ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಆಮೇಲೆ ಎಷ್ಟೋ ರೀತಿ ನೆನಪಿಸಿಕೊಂಡಿದ್ದೇನೆ. ಹತ್ತಿರ ಹತ್ತಿರ ಹೀಗಿತ್ತು: "ಅದೆಂಗ್ ಹೋಗುತ್ತೆ ಸಾರ್? ನಾನು ಅಂತ ಮುಂದೆ ಬಂದೋನ್ನ ಯಾರಾದ್ರೂ ತೆಗೀತಾರಾ? ನಾನಲ್ಲ ಅಂತ ತಪ್ಪಿಸ್ಕೊಂಡ್ ಹೋಗೋನ್ನ ತೆಗೀತಾರೆ. ದೊಡ್ಡ ಕಂಪನಿಯವ್ರು, ಅಷ್ಟೂ ಗೊತ್ತಾಗಲ್ವಾ? ನೀವು ಧೈರ್ಯವಾಗಿ ನಂದೇ ಅಂತ ಬರೀರಿ."

ಅವರ ಹೆಂಡತಿ ಕಾಫಿ ಲೋಟ ಕೈಗೆ ಕೊಡುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಗಂಡನಿಗೆ ಕಾಣದ್ದು ಅವರಿಗೆ ಕಂಡಿತ್ತು ಅನಿಸುತ್ತದೆ. ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ, "ಹೆಂಗಾದ್ರೂ ಮಾಡಿ ಸಾರ್, ಇವ್ರು ಅಂದಂಗೇ ಬರೀಬೇಡಿ" ಎಂದರು.

ಮನೆಗೆ ಬಂದು ಕೂತೆ. ಮನುಷ್ಯ ಬೇಡವೆಂದದ್ದನ್ನು ಬರೆಯುವಂತಿಲ್ಲ, ಬರಿ ಎಂದದ್ದನ್ನು ಬರೆದರೆ ಅವರ ಕೆಲಸ ಉಳಿಯುವುದಿಲ್ಲ. ತ್ಸೂಷ್ಟೆಂಡಿಗ್ ಹಾಕಿದರೆ ಸುರಕ್ಷಿತ, ಆದರೆ ಅದು ಕಚೇರಿಯ ಬಾಗಿಲ ಮೇಲೆ ಬರೆಯುವ ಪದ. ಈ ವಿಭಾಗ ನನ್ನದು, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎನ್ನುವ ಪದ. ಮೇಸ್ತ್ರಿ ಹೇಳಿದ್ದಕ್ಕೂ ಅದಕ್ಕೂ ದೂರ. ವಿಶೇಷಣಗಳನ್ನೆಲ್ಲ ಒಂದೊಂದಾಗಿ ಹಾಕಿ ತೆಗೆದೆ. ಕಾನೂನಿನ ಹೊಣೆಗೊಂದು, ನಡತೆಯ ಹೊಣೆಗೊಂದು, ಲೆಕ್ಕ ಒಪ್ಪಿಸುವ ಹೊಣೆಗೊಂದು. ಯಾವುದೂ ಕೂರಲಿಲ್ಲ. ಕೊನೆಗೆ ವಿಶೇಷಣವನ್ನೇ ಬಿಟ್ಟೆ. ಜರ್ಮನ್‌ನಲ್ಲಿ ಒಂದು ಕ್ರಿಯಾಪದವಿದೆ, ಐನ್‌ಷ್ಟೇಯನ್. ಒಬ್ಬರ ಪರವಾಗಿ ತಾನು ಬಂದು ನಿಲ್ಲುವುದು, ಅವರಿಗೆ ಏನಾದರೂ ನನ್ನನ್ನು ಕೇಳಿ ಎನ್ನುವುದು. ಆ ಕೆಲಸಗಾರ್ತಿಯ ಪರವಾಗಿ ತಾನು ನಿಲ್ಲುವುದಾಗಿ ಮೇಸ್ತ್ರಿ ಹೇಳಿದ್ದಾರೆ ಎಂದು ಬರೆದೆ. ಓದಿದೆ, ಹೊರಗೆ ಹೋಗಿ ಬಂದು ಓದಿದೆ. ಸರಿಯಾಗಿತ್ತು. ಅವರು ಜರ್ಮನ್ ಮಾತಾಡುವವರಾಗಿದ್ದರೆ ಹೀಗೇ ಹೇಳುತ್ತಿದ್ದರು ಎನಿಸಿತು. ಪಕ್ಕದಲ್ಲಿ ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿ ಟಿಪ್ಪಣಿ ಸೇರಿಸಿ ಕಳಿಸಿದೆ. ಈ ಇಡೀ ವ್ಯವಹಾರದಲ್ಲಿ ನನಗೆ ಸಮಾಧಾನವಿದ್ದದ್ದು ಆ ಒಂದು ಸಂಜೆ ಮಾತ್ರ.

ತಿದ್ದುವ ಮಹಿಳೆ ಈ ಸಲ ಫೋನ್ ಮಾಡಿದರು. ಮಾತು ನಡೆದದ್ದು ಜರ್ಮನ್‌ನಲ್ಲಿ. ನಾನು ಕೊಡುತ್ತಿರುವುದು ನೆನಪಿನಿಂದ ಮಾಡಿದ ಕನ್ನಡ, ಅಷ್ಟರ ಮಟ್ಟಿಗೆ ನಂಬಿ.

"ವಾಕ್ಯ ಬಹಳ ಚೆನ್ನಾಗಿದೆ. ಆದರೆ ಇಂಗ್ಲಿಷಿನಲ್ಲಿ ಇದು ಇಲ್ಲ."

"ಅವರನ್ನು ಕಂಡು ಮಾತಾಡಿ ಬಂದಿದ್ದೇನೆ."

"ನೀವು ಹೋಗಬಾರದಿತ್ತು. ಹೋಗಿದ್ದೀರಿ, ಇರಲಿ. ಮೂಲದಲ್ಲಿ ಇಲ್ಲದ್ದನ್ನು ನಾನು ಒಪ್ಪುವಂತಿಲ್ಲ. ಇಂಗ್ಲಿಷ್ ಬರೆದವರು ಇಂಗ್ಲಿಷನ್ನು ಬದಲಾಯಿಸಲಿ, ನಿಮ್ಮ ವಾಕ್ಯ ಹಾಗೇ ಉಳಿಯುತ್ತದೆ."

ನ್ಯಾಯವಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮತ್ತೆ ದೊಡ್ಡಬಳ್ಳಾಪುರಕ್ಕೆ ಹೋದೆ. ಸೇಫ್ಟಿ ಆಫೀಸರ್ ಕಾರ್ಖಾನೆಯ ಗೇಟಿನ ಎದುರಿನ ಅಂಗಡಿಯಲ್ಲಿ ಟೀ ಕೊಡಿಸಿದ. ಕೆಟ್ಟವನಲ್ಲ, ಹೆದರಿದ್ದ.

"ಅಪ್‌ಲೋಡ್ ಆದ್ಮೇಲೆ ಲಾಕ್ ಆಗೋಗುತ್ತೆ ಗುರು. ಈಗ ನಾನು ಬದ್ಲಾಯಿಸ್ತೀನಿ ಅಂದ್ರೆ, ಮೊದ್ಲು ಯಾಕ್ ತಪ್ಪು ಬರ್ದೆ ಅಂತ ನನ್ನೇ ಹಿಡ್ಕೋತಾರೆ. ಆ ಮೇಸ್ತ್ರಿ ಹೊಸ್ದಾಗಿ ಹೇಳ್ಕೆ ಕೊಟ್ರೆ ಸರಿ. ಅವ್ರು ಕೊಡಲ್ಲ ಅಂತವ್ರೆ."

"ನಾನೇ ಕೇಳಿದೀನಲ್ಲ ಅವ್ರ ಬಾಯಲ್ಲಿ."

"ಹಂಗಾದ್ರೆ ನೀವೇ ಬರ್ದು ಸೈನ್ ಹಾಕ್ಕೊಡಿ. ವರದಿ ಜೊತೆ ಸೇರಿಸ್ತೀನಿ. ಅಷ್ಟು ಮಾಡ್ಬಹುದು."

ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯಲು ಶುರು ಮಾಡಿದೆ. ಮೇಸ್ತ್ರಿ ನನ್ನೊಂದಿಗೆ ಆಡಿದ ಮಾತು ಇಂಥದ್ದು ಎಂದು ಇಂಗ್ಲಿಷಿನಲ್ಲಿ. ಮೊದಲ ಸಾಲಿನಲ್ಲೇ ನನ್ನ ಕೈ ತಾನಾಗಿ, ನನಗೆ ನೆನಪಿರುವ ಮಟ್ಟಿಗೆ, ಎಂದು ಬರೆಯಿತು. ಬರೆದ ಮೇಲೆ ಅನುಮಾನ ಶುರುವಾಯಿತು. ತಪ್ಪು ನಂದಲ್ಲ ಎಂದು ಅವರು ತಾವಾಗಿ ಹೇಳಿದರೋ, ನಾನು ಕೇಳಿದ್ದಕ್ಕೆ ಹೌದೆಂದರೋ? ಹುಡುಗಿ ನನ್ನ ಜವಾಬ್ದಾರಿ ಅಂದರೋ, ಹುಡುಗಿಯರೆಲ್ಲ ನನ್ನ ಜವಾಬ್ದಾರಿ ಅಂದರೋ? ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಮನಸ್ಸಿನಲ್ಲೇ ಅದನ್ನು ಜರ್ಮನ್ ಮಾಡುತ್ತಾ ಹೋಗಿದ್ದೆ. ಈಗ ನನಗೆ ಜರ್ಮನ್ ವಾಕ್ಯ ಸ್ಪಷ್ಟವಾಗಿ ನೆನಪಿತ್ತು, ಕನ್ನಡದ್ದು ಅದರ ಹಿಂದೆ ಮಸುಕಾಗಿ ನಿಂತಿತ್ತು. ಯಾವುದು ಯಾವುದರ ಅನುವಾದವೋ ತಿಳಿಯಲಿಲ್ಲ.

ಆಫೀಸರ್ ಬಗ್ಗಿ ಓದಿದ. "ನೆನಪಿರುವ ಮಟ್ಟಿಗೆ ಅಂತ ಹಾಕಿದ್ರೆ ಪ್ರಯೋಜನ ಇಲ್ಲ ಗುರು. ಅದನ್ನ ತೆಗೀರಿ. ಗೊತ್ತು ಅಂತ ಬರೀರಿ, ಇಲ್ಲಾಂದ್ರೆ ಬರೀಲೇಬೇಡಿ."

ಎದ್ದು ರಸ್ತೆಯವರೆಗೆ ಹೋಗಿ ಬಂದೆ. ನನ್ನ ಮನೆಯ ಬೀಗದ ಬಗ್ಗೆಯೂ ಆಣೆ ಮಾಡಿ ಹೇಳಲಾರದವನು ನಾನು. ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಯೋಚಿಸಿದೆ. ಅದರ ಬಗ್ಗೆ ಮಾತ್ರ ನನಗೆ ಅನುಮಾನವಿರಲಿಲ್ಲ. ಬಂದು ಆ ಪದಗಳನ್ನು ಹೊಡೆದು ಹಾಕಿ, ಮೇಸ್ತ್ರಿ ಹೀಗೆ ಹೇಳಿದರೆಂದು ಖಚಿತವಾಗಿ ಬರೆದು ಸಹಿ ಮಾಡಿದೆ. ಇದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಅನುಮಾನವಿಲ್ಲದೆ ನಾನು ಸಹಿ ಮಾಡಿದ ಕಾಗದ ಅದೊಂದೇ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅದು ಸುಳ್ಳು. ಅನುಮಾನ ಇಟ್ಟುಕೊಂಡೇ ಸಹಿ ಮಾಡಿದೆ.

ಅದು ಜರ್ಮನಿಗೆ ಹೋಯಿತು. ತಿದ್ದುವ ಮಹಿಳೆಯಿಂದ ವಾಪಸು ಬಂದದ್ದು ಒಂದೇ ಪ್ರಶ್ನೆ: ಮೇಸ್ತ್ರಿ ಕಾರ್ಖಾನೆಯಲ್ಲಿ ಹೇಳಿಕೆ ಕೊಟ್ಟಾಗ ನೀವು ಅಲ್ಲಿದ್ದಿರಾ?

ಇರಲಿಲ್ಲ ಎಂದು ಬರೆದೆ.

ಹಾಗಿದ್ದರೆ ನೀವು ಹೇಳುತ್ತಿರುವುದು ಬೇರೆ ಸಂಭಾಷಣೆ, ಆ ಹೇಳಿಕೆಯ ಅರ್ಥ ಅಲ್ಲ, ಎಂದು ಉತ್ತರ ಬಂತು. ಅವರ ಕಾಗದದಲ್ಲಿ ನಿಜವಾದ ವಿಷಾದವಿತ್ತು, ಅದನ್ನು ನಾನು ಅನುಮಾನಿಸುವುದಿಲ್ಲ. ನನ್ನ ವಾಕ್ಯವನ್ನೂ ಟಿಪ್ಪಣಿಯನ್ನೂ ತೆಗೆದು ಮೊದಲಿನ ಫೆರಾಂಟ್‌ವೋರ್ಟ್‌ಲಿಖ್ ಅನ್ನೇ ಇಟ್ಟರು. ಶುಲ್ಡ್ ಹಾಕಲಿಲ್ಲ. ಅಷ್ಟನ್ನು ನನಗಾಗಿ ಮಾಡಿದ್ದೇನೆ ಎಂದು ಬರೆದಿದ್ದರು. ಆದರೆ ಚೌಕ ತುಂಬಲೇಬೇಕಿತ್ತು, ಖಾಲಿ ಬಿಟ್ಟರೆ ನಮೂನೆ ಮುಂದಕ್ಕೆ ಹೋಗುವುದಿಲ್ಲ. ಒಬ್ಬ ಮನುಷ್ಯ ನಾನು ಎಂದಿರುವಾಗ ವ್ಯವಸ್ಥೆ ಎಂಬ ಚೌಕಕ್ಕೆ ಗುರುತು ಹಾಕಲು ಅವರಿಗೆ ಆಧಾರವಿರಲಿಲ್ಲ. ವ್ಯಕ್ತಿ ಎಂಬುದಕ್ಕೆ ಹಾಕಿದರು.

ಮುಂದಿನದೆಲ್ಲ ಬೇಗ ನಡೆಯಿತು. ಕಂಪನಿಯವರ ಉತ್ತರವನ್ನು ಇಂಗ್ಲಿಷಿಗೆ ಮಾಡುವ ಕೆಲಸವೂ ನನಗೇ ಬಂತು. ಗಾಯಗೊಂಡವಳು ಬೇಗ ಗುಣವಾಗಲಿ ಎಂದು ಹಾರೈಸಿದ್ದರು. ಸಂಬಂಧಪಟ್ಟ ವ್ಯಕ್ತಿಯ ಬಗ್ಗೆ ಕೈಗೊಂಡ ಕ್ರಮವನ್ನು ತಿಳಿಸಿ ಎಂದು ಕೇಳಿದ್ದರು. ಆ ಪತ್ರದಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ. ಕಾಫಿ ಆರುವುದರೊಳಗೆ ಮುಗಿಯಿತು. ಆಮೇಲೆ ಕಾರ್ಖಾನೆಯ ಉತ್ತರ ಜರ್ಮನ್‌ಗೆ ಹೋಗಲು ಬಂತು, ಮೇಸ್ತ್ರಿಯನ್ನು ಕೆಲಸದಿಂದ ತೆಗೆದಿದ್ದೇವೆ ಎಂದು. ಅದನ್ನೂ ಮಾಡಿದೆ. ನಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರು ಎಂದುಕೊಂಡು ಮಾಡಿದೆನೆಂದಲ್ಲ. ಬೇರೆಯವರ ಕೈಗೆ ಹೋಗುವುದು ಬೇಡ ಅನಿಸಿತು, ಯಾಕೆಂದು ವಿವರಿಸಲಾರೆ.

ಒಂದಷ್ಟು ದಿನ ಬಿಟ್ಟು ಮೇಸ್ತ್ರಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ನನ್ನ ದನಿ ಗುರುತು ಹಿಡಿದ ಕೂಡಲೇ ಫೋನ್ ಗಂಡನ ಕೈಗೆ ಕೊಟ್ಟರು.

"ಹೇಳಿ ಸಾರ್."

ನಾನು ಬರೆದದ್ದು ಉಳಿಯಲಿಲ್ಲ ಎಂದು ಹೇಳಿದೆ. ಏನು ಬರೆದಿದ್ದೆ ಎಂದೂ ಹೇಳಿದೆ.

"ಆಗ್ಲಿ ಬಿಡಿ. ನಾನಂದಿದ್ದು ನಾನೇ ಅಂದಿದ್ದು." ಅವರ ಕಡೆಯಿಂದ ಅಕ್ಕಪಕ್ಕದ ಮಗ್ಗಗಳ ಸದ್ದು ಕೇಳಿಸುತ್ತಿತ್ತು. "ಹುಡುಗಿ ಕೈ ವಾಸಿಯಾಯ್ತು ಸಾರ್. ಕಲೆ ಉಳ್ಕೊಂಡಿದೆ. ಅವರಪ್ಪ ಬಂದಿದ್ರು ಮನೆಗೆ."

"ಏನಂದ್ರು?"

"ಏನಂತಾರೆ? ನನ್ನೇ ತೆಗ್ದಿದಾರೆ ಅಂದ್ಮೇಲೆ ನಂದೇ ತಪ್ಪಿರ್ಬೇಕು ಅಂತ ಊರಲ್ಲಿ ಆಡ್ಕೊಂತವ್ರಂತೆ. ಅವ್ರೂ ಹಂಗೇ ಅನ್ಕೊಂಡಿದಾರೆ. ಬಾಯ್ಬಿಟ್ಟು ಕೇಳ್ಲಿಲ್ಲ. ಕಾಫಿ ಕೊಟ್ರೆ ಬ್ಯಾಡ ಅಂದ್ರು."

ನಾನು ಬಂದು ಅವರ ಹತ್ತಿರ ಮಾತಾಡಲೇ ಎಂದೆ. ನಡೆದದ್ದನ್ನು ನಾನು ಬಲ್ಲೆನಲ್ಲ ಎಂದೆ.

"ನೀವು ಅಲ್ಲಿರ್ಲಿಲ್ವಲ್ಲ ಸಾರ್," ಎಂದರು. ಚುಚ್ಚುವುದಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು.

"ಮತ್ತೆ ವ್ಯಾನ್? ಮಿಕ್ಕಿದ ಹುಡುಗಿಯರು ಬರ್ತಿದಾರಾ?"

"ಹೋಗುತ್ತೆ ವ್ಯಾನು, ಖಾಲಿ ಬರುತ್ತೆ. ಹೊಸ ಮೇಸ್ತ್ರಿ ಬಂದವ್ನೆ, ಓದಿದೋನು. ಹುಡುಗೀರ ಮನೆಯವ್ರು ಹೋಗಿ, ನಮ್ ಮಕ್ಕಳ ಜವಾಬ್ದಾರಿ ತಗೋತೀಯೇನಪ್ಪಾ ಅಂತ ಕೇಳಿದ್ರಂತೆ. ಗೇಟ್ ಒಳಗಡೆ ಕೆಲಸ ಮಾತ್ರ ನಂದು, ಅವ್ರಿಗೂ ನಂಗೂ ಸಂಬಂಧ ಇಲ್ಲ ಅಂದ್ನಂತೆ."



"ಬುದ್ಧಿವಂತ," ಎಂದರು ಮೇಸ್ತ್ರಿ. "ಅವನ ಕೆಲಸ ಉಳ್ಕೊಳ್ಳುತ್ತೆ."